ಸೋಡಾದ ಮೇಲೆ ಕಳೆದ ವನ್ಸ್‌ಮೋರ್

ಆ ಊರಲ್ಲಿ ಆರುನೂರ ಹದಿನಾಲ್ಕು ಜನ ನನ್ನ ಒಂದೇ ಒಂದು ಹಾಡಿನ ಮೇಲೆ ತಮ್ಮ ವನ್ಸ್‌ಮೋರ್ ಕಳೆದಿದ್ದಾರೆ. ನಮ್ಮ ನಾಟಕ ಕಂಪನಿಯ ಹೀರೋ ಗದಿಗೆಯ್ಯ ಆರುನೂರ ಹದಿನೈದು ಎನ್ನುತ್ತಾನೆ. ಆ ಹೆಚ್ಚಿನ ಒಂದು ಅವನ ಹೆಂಡತಿಯದು, ಅದೂ ಹಾಡಿಗಲ್ಲ, ಹಾಡಿನ ನಡುವೆ ಅವನ ಪೇಟ ಜಾರಿ ಮೂಗಿನ ಮೇಲೆ ಕೂತದ್ದಕ್ಕೆ. ಅದನ್ನು ನಾನು ಸೇರಿಸುವುದಿಲ್ಲ.

ಅಲ್ಲಿ ಒಬ್ಬರಿಗೆ ಒಂದು, ಜೀವಮಾನಕ್ಕೆ ಒಂದೇ. ಮನಸಾರೆ ವನ್ಸ್‌ಮೋರ್ ಎಂದು ಕೂಗಿದರೆ ಆಗಷ್ಟೇ ಮುಗಿದದ್ದು ಮೊದಲಿನಿಂದ ಇನ್ನೊಮ್ಮೆ ಆಗುತ್ತದೆ. ಕೂಗು ಕೇಳಿಸುವಷ್ಟು ದೂರದಲ್ಲಿ ಯಾರು ಯಾರು ಇದ್ದಾರೋ ಅವರಿಗೆಲ್ಲ ಆಗುತ್ತದೆ, ಕೂದಲೆಳೆಯಷ್ಟೂ ಬದಲಾಗದೆ ಆಗುತ್ತದೆ. ಹೊರಗಿನವರು ನೂರು ದಿನ ಆ ಊರಿನ ನೀರು ಕುಡಿದರೆ ಅವರಿಗೂ ಒಂದು ಸಿಗುತ್ತದೆ. ಊರ ಗಡಿಕಲ್ಲು ದಾಟಿದ ಮೇಲೆ ಅದು ಬರೀ ಕೂಗು, ಉಳಿದ ಊರುಗಳಲ್ಲಿ ಇರುವಂತೆ.

ಜನ ಇದಕ್ಕೆ ಹೊಂದಿಕೊಂಡಿದ್ದರು. ಲಗ್ನಪತ್ರಿಕೆಯ ಕೆಳಗೆ 'ಊಟದ ಹೊತ್ತಿನಲ್ಲಿ ಯಾರೂ ಕೂಗಬಾರದಾಗಿ ವಿನಂತಿ' ಎಂದು ಅಚ್ಚು ಹಾಕಿಸುತ್ತಿದ್ದರು. ಶಾಲೆಯಲ್ಲಿ ಆ ಪದವನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರೇ ಹೊರತು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂಚೆ ಮಾಸ್ತರರು ತಮ್ಮದನ್ನು ಒಂದು ಆಕಳಿಕೆಗೆ ಕಳೆದಿದ್ದರು. ಯಾರಾದರೂ ನಕ್ಕರೆ, ನಿಮಗೆ ಅಂಥ ಆಕಳಿಕೆ ಬಂದಿಲ್ಲ, ಅದಕ್ಕೇ ನಗುತ್ತೀರಿ ಎನ್ನುತ್ತಿದ್ದರು. ನಾನು ಬಾಡಿಗೆಗಿದ್ದ ಮನೆಯ ತಂಗೆವ್ವ, ಎಪ್ಪತ್ತರ ಮುದುಕಿ, ತನ್ನದನ್ನು ಗಂಡ ಮನೆ ಬಿಟ್ಟು ಹೋದ ದಿನವೇ ಕಳೆದಿದ್ದಳು. ರೊಟ್ಟಿ ಬಡಿಯುತ್ತ ಅದನ್ನು ಒಂದೇ ಉಸಿರಿಗೆ ಹೇಳುತ್ತಿದ್ದಳು: “ಹೋಗಂದೆ, ಹೋದ. ಹುಣಸಿ ಗಿಡದ ತನಕಾ ಹೋಗಿ ತಿರುಗಿ ಸೈತ ನೋಡಲಿಲ್ಲ. ಇನ್ನೊಮ್ಮೆ ಆದ್ರ ನೋಡ್ಯಾನು ಅಂತ ವನ್ಸ್‌ಮೋರ್ ಅಂದೆ. ಮನಿಯೊಳಗ ಬಂದ, ಮತ್ತ ಚಪ್ಪಲಿ ಮೆಟ್ಟಿದ, ಮತ್ತ ಹೋದ. ಎರಡು ಸಲ ಗಂಡನ್ನ ಕಳಕೊಂಡಾಕಿ ನಾನೊಬ್ಬಾಕೆ ನೋಡವಾ, ಇಂದೂ.” ಹೇಳಿ ಮುಗಿಸಿ ತಾನೇ ನಗುತ್ತಿದ್ದಳು, ರೊಟ್ಟಿ ದುಂಡಗೆ ಬರುತ್ತಿತ್ತು.

ನಮ್ಮ ಕಂಪನಿ ಅಲ್ಲಿ ಡೇರೆ ಹಾಕಿದಾಗ ಮಾಲೀಕ ರಾಚಪ್ಪನವರಿಗೆ ಇದಾವುದೂ ಗೊತ್ತಿರಲಿಲ್ಲ. 'ರಾಜಕುಮಾರಿ ರತ್ನಕೇಶಿ' ನಾಟಕ, ನಾನು ರತ್ನಕೇಶಿ. ಸಂಜೆ ನಾಲ್ಕಕ್ಕೆ ಪರದೆ ಏಳುತ್ತಿತ್ತು. ಮೂರನೆಯ ಅಂಕದಲ್ಲಿ, ಹೊರಗೆ ಹೊತ್ತು ಮುಳುಗುವಾಗ, ತೋಟದ ಸೀನಿನಲ್ಲಿ 'ತಡವಾಗಿ ಬಂದೆಯಾ ತಂಗಾಳಿಯೇ' ಎಂಬ ಜೋಡಿಹಾಡು. ಮೊದಲ ದಿನ ಹಾಡು ಮುಗಿದದ್ದೇ ಮುಂದಿನ ಸಾಲಿನಿಂದ ಒಬ್ಬ ಬಟ್ಟೆ ವ್ಯಾಪಾರಿ ಎದ್ದು, ಟೋಪಿ ತೆಗೆದು, ಕಣ್ಣು ಮುಚ್ಚಿ ಕೂಗಿದ. ನಾನು ಎಲ್ಲ ಊರುಗಳಲ್ಲಿ ಮಾಡುವಂತೆ ಸೆರಗು ಸರಿಮಾಡಿಕೊಂಡು ಮತ್ತೆ ಹಾಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಬಾಯಿ ನನ್ನದಾಗಿ ಉಳಿದಿರಲಿಲ್ಲ. ಕಾಲು ತಾನೇ ಹಿಂದೆ ಸರಿಯಿತು. ಕೈ ತಾನೇ ಹೂಬುಟ್ಟಿ ಎತ್ತಿತು. ಸ್ವರ ತಾನೇ ಏರಿತು, ಎರಡನೆಯ ಚರಣದಲ್ಲಿ ನಾನು ನುಂಗಿದ್ದ ಒಂದು ಅಕ್ಷರವನ್ನು ಅಲ್ಲಿಯೇ ಸರಿಯಾಗಿ ಮತ್ತೆ ನುಂಗಿತು.

ಎರಡನೆಯ ಸಲ ಮೈ ಮಾತ್ರ ಹಾಡುತ್ತದೆ. ಮನಸ್ಸಿಗೆ ರಜೆ. ಹದಿನೆಂಟನೆಯ ವಯಸ್ಸಿನಿಂದ ಹದಿನಾರು ವರ್ಷ ರಂಗದ ಮೇಲೆ ಪ್ರೀತಿಸಿದವಳಿಗೆ ಪ್ರೀತಿಯ ನಡುವೆ ಸಿಕ್ಕ ಮೊದಲ ರಜೆ ಅದು. ನಾನು ಒಳಗೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಕಣ್ಣುಗಳ ಕಿಟಕಿಯಿಂದ ಹೊರಗೆ ನೋಡುತ್ತ, ಡೇರೆಯ ಬಾಗಿಲಲ್ಲಿ ಕರಿಯುತ್ತಿದ್ದ ಮೆಣಸಿನಕಾಯಿ ಬಜ್ಜಿಯನ್ನು ನೆನೆಯುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಪ್ರತಿ ಸಲ ಬಜ್ಜಿಯೇ. ಮುಖದ ಮೇಲೆ ವಿರಹ, ಒಳಗೆ ಬಜ್ಜಿ. ಜನರೂ ಜಾಣರಾಗಿದ್ದರು. ಹಾಡು ಶುರುವಾಗುವ ಮೊದಲೇ ಬಜ್ಜಿ ಕೊಂಡು ಕೂರುತ್ತಿದ್ದರು. ಯಾರಾದರೂ ಕೂಗಿದರೆ ತಿಂದದ್ದು ಮತ್ತೆ ಪೊಟ್ಟಣಕ್ಕೆ ಬಂದು, ಮತ್ತೆ ಬಿಸಿಯಾಗಿ, ಮತ್ತೆ ತಿನ್ನಲು ಸಿಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ರಂಗದ ಮೇಲೆ ಪ್ರೇಮಿಗಳು ಒಬ್ಬರನ್ನೊಬ್ಬರು ನೋಡುವುದಿಲ್ಲ. ನೋಡಿದರೆ ದನಿ ಪಕ್ಕದ ಪರದೆಗೆ ಹೋಗಿ ಸಾಯುತ್ತದೆ. ಹೀರೋನ ಕೈ ಹಿಡಿದು, ಅವನ ಭುಜದ ಮೇಲಿಂದ ಮೂರನೆಯ ಸಾಲನ್ನು ನೋಡಿ 'ನಿನ್ನ ಬಿಟ್ಟಿರಲಾರೆ' ಎನ್ನಬೇಕು. ಗದಿಗೆಯ್ಯನಿಗೆ ಐವತ್ತೆರಡು, ರಾಜಕುಮಾರನಿಗೆ ಇಪ್ಪತ್ತು. ಮಧ್ಯಾಹ್ನ ಅವನು ಬೆಳ್ಳುಳ್ಳಿ ಚಟ್ನಿ ಬಿಟ್ಟು ಉಂಡವನಲ್ಲ, ಹಾಗಾಗಿ ನಾನು ಮೂರನೆಯ ಸಾಲನ್ನು ನೋಡುವುದು ಕಲೆಗಾಗಿಯೂ ಹೌದು, ಉಸಿರಿಗಾಗಿಯೂ ಹೌದು. ಜೊತೆಗೆ ಹುಬ್ಬು. ಹಾಡಿನ ಕೊನೆಗೆ 'ಇನ್ನೊಂದು ಗಳಿಗೆ ನಿಲ್ಲು' ಎಂಬ ಸಾಲನ್ನು ಎಳೆಯುವಾಗ ನನ್ನ ಎಡಹುಬ್ಬು ಮೆಲ್ಲಗೆ ಏರಬೇಕೆಂದು ರಾಚಪ್ಪನವರು ಕಲಿಸಿದ್ದರು, ಹುಬ್ಬು ಏರಿದರೆ ಕೊನೆಯ ಬೆಂಚಿನವನಿಗೂ ಪ್ರೀತಿ ಕಾಣುತ್ತದೆ ಎಂದು. ಆ ಹುಬ್ಬು ಈಗ ನನ್ನ ಮಾತು ಕೇಳುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಏರುತ್ತದೆ. ಒಮ್ಮೆ ಬೇರೆ ಊರಲ್ಲಿ ಒಬ್ಬ ಸಭ್ಯ ಹೈಸ್ಕೂಲು ಮಾಸ್ತರರು ನನ್ನನ್ನು ಆರು ತಿಂಗಳು ಪ್ರೀತಿಸಿ, ಕೈಮುಗಿದು ಹೊರಟು ಹೋದರು. “ನಿಮ್ಮ ಎದುರಿಗೆ ಕೂತ್ರ ಯಾವಾಗಲೂ ಮೂರನೇ ಅಂಕ ನಡದಂಗ ಅನಸ್ತೈತಿ” ಎಂದರು. ನನಗೂ ಹಾಗೇ ಅನ್ನಿಸುತ್ತಿತ್ತು. ಅವರನ್ನು ನಾನು ಪ್ರೀತಿಸಿದ್ದೆನೋ, ನನ್ನ ಹುಬ್ಬು ಪ್ರೀತಿಸಿತ್ತೋ, ಇಂದಿಗೂ ಗೊತ್ತಿಲ್ಲ. ಅಂದಿನಿಂದ ನನಗೆ ಇದ್ದದ್ದು ಒಂದೇ ಭಯ: ನಿಜವಾದದ್ದು ಬಂದರೆ ನನಗೆ ಗುರುತು ಹತ್ತುತ್ತದೋ ಇಲ್ಲವೋ.

ಹೀಗಿರುವಾಗ ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಒಬ್ಬನು ಶೇಂಗಾ ಸುಲಿಯುತ್ತಿದ್ದ.

ಮೊದಲ ಸಲ ಹಾಡುವಾಗ ಅವನು ಕಾಣುತ್ತಿರಲಿಲ್ಲ, ನನಗೆ ಸ್ವರದ ಚಿಂತೆ. ಎರಡನೆಯ ಸಲ, ನನ್ನ ಕಣ್ಣು ತನ್ನ ಹಳೆಯ ದಾರಿಯಲ್ಲೇ ಎಡದಿಂದ ಬಲಕ್ಕೆ ಹೋಗುವಾಗ, ಅರ್ಧ ಕ್ಷಣ ಅವನ ಮೇಲೆ ಹಾಯುತ್ತಿತ್ತು. ಒಂದು ಸಂಜೆಗೆ ಅರ್ಧ ಕ್ಷಣ, ಕೂಗುವವರು ಇಬ್ಬರಾದರೆ ಒಂದು ಕ್ಷಣ. ತುಂಡು ತುಂಡಾಗಿ ನಾನು ಅವನನ್ನು ಒಟ್ಟುಗೂಡಿಸಿದೆ. ಹಬ್ಬದ ವಾರದಲ್ಲಿ ಮೂಗು ಮುಗಿಯಿತು. ಇನ್ನೆರಡು ವಾರಕ್ಕೆ ಕಿವಿ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್ಲು. ಆಮೇಲೆ ಕೈಗಳು. ಅವನು ಶೇಂಗಾ ಸುಲಿಯುತ್ತಿದ್ದ, ಆದರೆ ತಿನ್ನುತ್ತಿರಲಿಲ್ಲ. ಬೀಜವನ್ನೆಲ್ಲ ಒಂದು ಕಾಗದದ ಪೊಟ್ಟಣಕ್ಕೆ ಹಾಕುತ್ತಿದ್ದ. ಯಾರಾದರೂ ಕೂಗಿದರೆ ಬೀಜ ಮತ್ತೆ ಸಿಪ್ಪೆಯೊಳಗೆ ಹೋಗಿ ಕೂರುತ್ತಿತ್ತು, ಅವನು ಮತ್ತೆ ಅಷ್ಟೇ ಮರ್ಯಾದೆಯಿಂದ ಸುಲಿಯುತ್ತಿದ್ದ. ಇಡೀ ಡೇರೆ ಬಜ್ಜಿ ತಿನ್ನುವಾಗ ತಿನ್ನದೆ ಸುಲಿಯುವ ಆ ಮನುಷ್ಯ ಯಾರು, ಯಾಕೆ ಹೀಗೆ ಎಂದು ನಾನು ಒಳಗೆ ಕೂತು ಯೋಚಿಸುವಷ್ಟರಲ್ಲಿ ಕಣ್ಣು ಮುಂದಕ್ಕೆ ಹೋಗಿರುತ್ತಿತ್ತು. ಮತ್ತೆ ಬಜ್ಜಿ.

ತಂಗೆವ್ವನನ್ನು ಕೇಳಿದೆ. “ಪೆನ್ಸಿಲ್ ನೇಮಣ್ಣ ಅಲಾ” ಎಂದಳು. “ಗೋಲಿ ಸೋಡಾ ಮಾಡ್ತಾನ. ನಲವತ್ತಾತು, ಲಗ್ನ ಇಲ್ಲ. ಜೈನರಾಂವ, ಹೊತ್ತು ಮುಳುಗಿದ ಮ್ಯಾಲೆ ನೀರು ಬಿಟ್ಟು ಏನೂ ಮುಟ್ಟಂಗಿಲ್ಲ. ಯಾಕ, ಏನಾತು?”

“ಏನಿಲ್ಲ. ಸುಮ್ಮನ ಕೇಳಿದೆ.”

“ಸುಮ್ಮನ ಕೇಳಿದ್ರ ಹುಬ್ಬು ಯಾಕ ಮ್ಯಾಲೆ ಹೋತು?”

ಹನ್ನೊಂದು ತಿಂಗಳು ಹೀಗೇ ಹೋಯಿತು. ಹನ್ನೆರಡನೆಯ ತಿಂಗಳಲ್ಲಿ ಕೂಗು ನಿಂತಿತು. ಎಷ್ಟು ದೊಡ್ಡ ಊರು ಅದು, ಒಬ್ಬೊಬ್ಬರಿಗೆ ಒಂದೊಂದೇ ಅಂದ ಮೇಲೆ ಒಂದು ದಿನ ಮುಗಿಯಲೇಬೇಕು. ಇಪ್ಪತ್ತು ದಿನ ಸತತವಾಗಿ ಯಾರೂ ಕೂಗಲಿಲ್ಲ. ಹಾಡು ಮುಗಿದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ನಿನ್ನ ಹತ್ತಿರ ಇದೆಯಾ ಎಂಬಂತೆ. ಆಮೇಲೆ ಬರೀ ಚಪ್ಪಾಳೆ. ರಾಚಪ್ಪನವರು ಬೆಳಿಗ್ಗೆ ನಮ್ಮನ್ನೆಲ್ಲ ಕೂರಿಸಿ ಹೇಳಿದರು: “ಈ ಊರು ತೀರಿತು. ಬರೋ ಸೋಮವಾರ ಡೇರೆ ಕಿತ್ತೋದು. ಮುಂದಿನ ಊರಾಗ ವನ್ಸ್‌ಮೋರ್ ಅಂದ್ರ ನಾವ ಹಾಡಬೇಕು, ನೆನಪಿರಲಿ. ಒಂದು ವರ್ಷ ಪುಕ್ಕಟ ಹಾಡಿ ಎಲ್ಲಾರ ಗಂಟಲಾ ಮಲಗ್ಯಾವು.”

ನನಗೆ ಗಂಟಲಿನ ಚಿಂತೆ ಇರಲಿಲ್ಲ. ಇಪ್ಪತ್ತು ದಿನದಿಂದ ನಾನು ಆ ಕುರ್ಚಿಯನ್ನು ನೋಡಿರಲಿಲ್ಲ. ಹಾಡುವಾಗಲೇ ನೋಡಲು ಹೋದರೆ ಸ್ವರ ತಪ್ಪುತ್ತಿತ್ತು, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಕೆಮ್ಮುತ್ತಿದ್ದರು. ಸೋಮವಾರಕ್ಕೆ ನಾಲ್ಕು ದಿನ ಉಳಿದಿತ್ತು. ಅವನ ಎಡಕಿವಿಯನ್ನು ಕೂಡ ನಾನಿನ್ನೂ ನೋಡಿರಲಿಲ್ಲ, ಅವನು ಆ ಕಡೆಗೆ ತಿರುಗಿ ಕೂರುತ್ತಿರಲೇ ಇಲ್ಲ. ಒಬ್ಬ ಮನುಷ್ಯನನ್ನು ಒಂದು ಕಿವಿ ಕಡಿಮೆಯಾಗಿ ಬಿಟ್ಟು ಹೋಗುವುದು ಹೇಗೆ ಎಂದು ಆ ಮಧ್ಯಾಹ್ನ ನಾನು ರೇಷ್ಮೆ ಸೀರೆ ಉಟ್ಟು ಸೋಡಾ ಕುಡಿಯಲು ಹೋದೆ.

ಅವನ ಅಂಗಡಿ ಕ್ಷೌರ ಮಾಡುವ ನಾವಿಂದರ ಅಂಗಡಿಯ ಪಕ್ಕದಲ್ಲಿತ್ತು. ಒಳಗೆ ಗ್ಯಾಸಿನ ಯಂತ್ರ, ಅದಕ್ಕೊಂದು ತಿರುಗಣೆ, ಗೋಡೆ ತುಂಬ ಹಸಿರು ಸೀಸೆಗಳು. ನನ್ನನ್ನು ನೋಡಿ ಅವನು ತಿರುಗಿಸುತ್ತಿದ್ದ ತಿರುಗಣೆಯನ್ನು ಬಿಟ್ಟ, ಅದು ತಾನೇ ಒಂದು ಸುತ್ತು ಹೆಚ್ಚು ತಿರುಗಿತು.

ನನಗೆ ಎದುರು ನಿಂತು ಗಂಡಸಿನೊಡನೆ ಮಾತಾಡಿ ಅಭ್ಯಾಸವಿಲ್ಲ. ನಾನು ಮುಕ್ಕಾಲು ಭಾಗ ಬೀದಿಯ ಕಡೆ ತಿರುಗಿ, ಗಲ್ಲ ಎತ್ತಿ, ಬಾಗಿಲಿಗೆ ಕೇಳಿದೆ: “ಗಂಟಲಾ ಹಿಡದೈತಿ. ಒಂದು ಸೋಡಾ ಕೊಡ್ರಿ.”

ಅವನು ನಾನು ಯಾರೊಡನೆ ಮಾತಾಡುತ್ತಿದ್ದೇನೆಂದು ಬಾಗಿಲಾಚೆ ಇಣುಕಿ ನೋಡಿದ. “ನನಗ ಕೇಳಿದ್ರೇನ್ರಿ ಬಾಯಾರ?”

“ಮತ್ಯಾರಿಗೆ?”

“ಅಲ್ಲರೀ, ಬೀದಿ ಕಡೆ ನೋಡಾಕತ್ತೀರಲ್ಲ, ಅದಕ್ಕ ಕೇಳಿದೆ.”

ನಾನು ಕಷ್ಟಪಟ್ಟು ತಿರುಗಿದೆ. ಎಡಕಿವಿ ಅಲ್ಲೇ ಇತ್ತು, ಬಲಗಿವಿಗಿಂತ ತುಸು ಹೊರಗೆ ಚಾಚಿಕೊಂಡಿತ್ತು. ಅದನ್ನು ನೋಡಿದ್ದೇ ನನಗೆ ಸಿಟ್ಟು ಬಂತು.

“ಒಂದು ವರ್ಷ ಆತು” ಎಂದೆ. “ದಿನಾ ಬರ್ತೀರಿ. ದಿನಾ ಶೇಂಗಾ ಸುಲೀತೀರಿ. ಊರ ಮಂದಿ ಎಲ್ಲಾ ಕೂಗಿದ್ರು. ಆಕಳಿಕೆಗೆ ಕೂಗಿದಾವ್ರು ಅದಾರ ಈ ಊರಾಗ. ನೀವೊಬ್ಬರು ಕೂಗಲಿಲ್ಲ. ಅಷ್ಟು ಕೆಟ್ಟ ಹಾಡ್ತೀನೇನು?”

ಅವನು ಕಿವಿಯಿಂದ ಪೆನ್ಸಿಲ್ ತೆಗೆದ, ಮತ್ತೆ ಅಲ್ಲೇ ಸಿಕ್ಕಿಸಿದ. “ಹಂಗಲ್ರೀ. ಮೊದಲ ದಿನಾನ ಕೂಗಬೇಕಂದಿದ್ದೆ. ಮರುದಿನ ಬಂದ್ರ ಹಿಂದಿನ ದಿನಕ್ಕಿಂತ ಚಲೋ ಹಾಡಿದ್ರಿ. ನಿನ್ನೆ ಕಳದಬಿಟ್ಟಿದ್ರ ಏನ್ ಗತಿ ಅಂದ್ಕೊಂಡೆ. ನಾಳೆ ಇನ್ನೂ ಚಲೋ ಹಾಡ್ತಾರ, ನಾಳೆ ಕೂಗೋಣಂತ ದಿನಾ ಬಂದು ಕುಂತೆ. ನಾಳೆನೂ ಹಂಗ ಆಕ್ಕಿತ್ತು.”

“ಮತ್ತ ಶೇಂಗಾ?”

“ಕೈಗೆ ಏನಾರ ಕೆಲಸ ಬೇಕಲ್ರೀ. ಖಾಲಿ ಬಿಟ್ರ ಚಪ್ಪಾಳಿ ಹೊಡೀತಾವು. ಚಪ್ಪಾಳಿ ಹೊಡದ್ರ ಬಾಯಿ ಕೇಳಂಗಿಲ್ಲ. ಮುಂಜಾನೆ ಎದ್ದು ಬೆಲ್ಲ ಹಚ್ಚಿ ತಿಂತೀನಿ ಅದನ್ನ.”

ಹದಿನಾರು ವರ್ಷದಲ್ಲಿ ನನ್ನ ಹಾಡಿನ ಬಗ್ಗೆ ಜನ ಬಹಳ ಹೇಳಿದ್ದಾರೆ. ಕೋಗಿಲೆ ಎಂದಿದ್ದಾರೆ, ಸರಸ್ವತಿ ಎಂದಿದ್ದಾರೆ, ಒಬ್ಬ ಡಾಕ್ಟರು ನನ್ನ ಗಂಟಲನ್ನು ಸತ್ತ ಮೇಲೆ ಕೊಡುತ್ತೀರಾ ಎಂದು ಕೇಳಿದ್ದಾರೆ. ನಾಳೆ ಇನ್ನೂ ಚೆನ್ನಾಗಿ ಹಾಡುತ್ತೀರಿ ಎಂದು ಒಂದು ವರ್ಷ ದಿನವೂ ನಂಬಿದವನು ಯಾರೂ ಸಿಕ್ಕಿರಲಿಲ್ಲ. “ಸೋಡಾ” ಎಂದೆ.

ಅವನು ಒಂದು ಸೀಸೆ ಎತ್ತಿದ. ದಿನಕ್ಕೆ ನೂರಾರು ಸೀಸೆ ಒಡೆಯುವ ಹೆಬ್ಬೆರಳು, ಅಂದು ಓರೆಯಾಗಿ ಒತ್ತಿತು. ಗೋಲಿ ಕೀಂ ಎಂದು ಅರ್ಧಕ್ಕೆ ಸಿಕ್ಕಿಕೊಂಡಿತು. ಅವನು ಇನ್ನೊಮ್ಮೆ ಒತ್ತಿ, ಅದೇ ಹೊತ್ತಿಗೆ ಬಾಯಿ ತೆರೆದು, “ನಾನೂ ಬರ್ತೀನ್ರೀ ನಿಮ್ಮ ಕೂಡ, ಸೋಡಾ ಎಲ್ಲಾ ಊರಾಗೂ ಕುಡೀತಾರ” ಎಂದ. ಅಷ್ಟರಲ್ಲಿ ಸೀಸೆ ಉಕ್ಕಿ, ಸೋಡಾ ಪೂರ್ತಿ ನನ್ನ ಮುಖಕ್ಕೆ ಹೊಡೆದು, ರೇಷ್ಮೆ ಸೀರೆಯ ಮೇಲೆ ಇಳಿಯಿತು. ಅವನಿಗೆ ಬಿಕ್ಕಳಿಕೆ ಹತ್ತಿತು. ಬಿಕ್ಕುತ್ತಲೇ, “ನಿಮಗ ಅಡ್ಡಿ ಇಲ್ಲಂದ್ರ ಲಗ್ನಾ ಮಾಡಿಕೊಂಡ ಬರ್ತೀನಿ” ಎಂದ.

ಆಗ ನನ್ನ ಎಡಹುಬ್ಬು ಏರಿತು.

ಏರಿದ್ದು ನನಗೆ ಗೊತ್ತಾಯಿತು. ಮೈಯೆಲ್ಲ ತಣ್ಣಗಾಯಿತು, ಸೋಡಾದಿಂದಷ್ಟೇ ಅಲ್ಲ. ಇದೂ ಮೂರನೇ ಅಂಕವೇ ಏನು. ಇವನಿಗೂ ಆರು ತಿಂಗಳಿಗೆ ತಿಳಿಯುತ್ತದೆ, ಇವನೂ ಕೈಮುಗಿದು ಹೋಗುತ್ತಾನೆ, ಆಗ ಇವನ ಹಿಂದೆ ಒಂದು ಊರೂ ಇರುವುದಿಲ್ಲ, ಹುಟ್ಟಿದ ಊರು ಬಿಟ್ಟು ಬಂದಿರುತ್ತಾನೆ. ನನಗೆ ಈಗಲೇ ತಿಳಿಯಬೇಕಿತ್ತು. ತಿಳಿಯುವ ದಾರಿ ಒಂದೇ ಇತ್ತು. ಎರಡನೆಯ ಸಲದಲ್ಲಿ ಮೈ ತನ್ನಷ್ಟಕ್ಕೆ ಇರುತ್ತದೆ, ಮನಸ್ಸು ಎಲ್ಲಿಗೆ ಬೇಕಾದರೂ ಹೋಗುತ್ತದೆ, ನನ್ನ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹೋಗಲಿಲ್ಲವೆಂದರೆ ಇದು ಬೇರೆಯದು.

ನನ್ನ ಹತ್ತಿರ ನನ್ನದು ಹಾಗೇ ಇತ್ತು. ಎಂದೋ ಒಂದು ದಿನ ಪರದೆ ಬೀಳುವಾಗ, ಸಾವಿರ ಜನ ಎದ್ದು ನಿಂತಾಗ ಕೂಗೋಣವೆಂದು ಇಟ್ಟುಕೊಂಡಿದ್ದೆ. ಸೋಡಾ ಸೋರುತ್ತಿದ್ದ ಮುಖದಲ್ಲೇ, ಸೀಸೆಗಳಿಗೆ ಬೆನ್ನು ಕೊಟ್ಟು, ವನ್ಸ್‌ಮೋರ್ ಎಂದೆ.

ಸೀರೆ ಒಣಗಿತು. ಸೋಡಾ ಸೀಸೆಗೆ ಹೋಯಿತು. ಅವನ ಕೈ ಮತ್ತೆ ಸೀಸೆ ಎತ್ತಿತು, ಹೆಬ್ಬೆರಳ ಮೇಲೆ ಗೋಲಿ ಕೂತು ಕೂತು ಆದ ಒಂದು ದುಂಡನೆಯ ಜಡ್ಡು ಇತ್ತು. ಗೋಲಿ ಸಿಕ್ಕಿಕೊಂಡಾಗ ಅವನು ಕಣ್ಣು ಮುಚ್ಚಿದ. ಮೊದಲ ಸಲ ಇದನ್ನು ನಾನು ನೋಡಿರಲಿಲ್ಲ. ಆ ಮಾತನ್ನು ಅವನು ಕಣ್ಣು ಮುಚ್ಚಿಯೇ ಹೇಳಿದ್ದ, ಬಾವಿಗೆ ಹಾರುವವನಂತೆ. ಅವನ ಒಳಗೂ ಅವನು ಕೂತು ತನ್ನ ಮಾತನ್ನು ತಾನೇ ಕೇಳಿಕೊಂಡು ನಾಚುತ್ತಿರಬೇಕು, ಅಂಗಿಯ ಮೇಲಿನ ಗುಂಡಿ ತಪ್ಪು ತೂತಿನಲ್ಲಿತ್ತು, ಸೋಡಾ ಹಾರಿ ಬರುವಾಗ ಅದರಲ್ಲಿ ಬಿಸಿಲು ಮುರಿದು ಬಣ್ಣ ಕಾಣಿಸಿತು, ಎಡಗಣ್ಣಿಗೆ ಸೋಡಾ ಹೋಗಿ ಉರಿಯಿತು, ಬಿಕ್ಕಳಿಕೆ ಬಂತು, ಮಾತು ಬಂತು, ಉರಿಗೆ ಹುಬ್ಬು ಏರಿತು. ಉರಿಗೆ. ರಾಚಪ್ಪನವರು ಕಲಿಸಿದ್ದಕ್ಕಲ್ಲ. ಎಲ್ಲ ಮುಗಿಯಿತು, ನಾನು ನಾನಾದೆ. ಅಂಗಡಿಯಲ್ಲಿ ಹನಿ ತೊಟ್ಟಿಕ್ಕುವ ಸದ್ದು. ಆಮೇಲೆ ನೆನಪಾಯಿತು: ಬಜ್ಜಿ ಒಮ್ಮೆಯೂ ನೆನಪಾಗಿರಲಿಲ್ಲ.

ಪಕ್ಕದ ಅಂಗಡಿಯಿಂದ ನಾವಿಂದ ಸಾಬೂನಿನ ಕುಂಚ ಹಿಡಿದೇ ಹೊರಬಂದ. “ಯಾರ್ರೀ ಕೂಗಿದವ್ರು? ನನ್ನ ಗಿರಾಕಿಗೆ ಅದ ಗಲ್ಲಾ ಎರಡು ಸಲ ಕೊಯ್ದಂಗ ಆತು. ಒಮ್ಮೆ ಆದ್ರ ನಾನ ಕೈ ಜಾರಿತು ಅಂತಿದ್ದೆ, ಎರಡನೇದಕ್ಕ ಯಾರನ್ನ ಕೇಳಲಿ?” ನನ್ನನ್ನೂ ನೇಮಣ್ಣನನ್ನೂ ಒದ್ದೆ ನೆಲವನ್ನೂ ನೋಡಿ ಅವನ ಕುಂಚ ಕೆಳಗಿಳಿಯಿತು. “ಬಾಯಾರ, ನೀವ? ಸೋಡಾಕ್ಕ?”

“ಶೇಂಗಾ ತಗೊಂಡ ಬರ್ರಿ” ಎಂದೆ ನಾನು ನೇಮಣ್ಣನಿಗೆ, ಅವನನ್ನೇ ನೋಡುತ್ತ. “ಸೋಮವಾರ ಮುಂಜಾನೆ ಲಾರಿ ಹೊರಡತೈತಿ.” ಅದು ನನ್ನ ಒಪ್ಪಿಗೆ. ಇದಕ್ಕಿಂತ ಒಳ್ಳೆಯ ಮಾತು ರತ್ನಕೇಶಿಯ ಪಾರ್ಟಿನಲ್ಲಿ ಎಷ್ಟೋ ಇವೆ, ಒಂದೂ ಬಾಯಿಗೆ ಬರಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅಂಚೆ ಮಾಸ್ತರರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ತಮಗೊಬ್ಬರು ಜೊತೆಗಾರರು ಸಿಕ್ಕ ಖುಷಿಯಲ್ಲಿ ಕೈ ಕುಲುಕಿದರು. ತಂಗೆವ್ವ ನನ್ನ ಒದ್ದೆ ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕುತ್ತ ಕೇಳಿದಳು, “ಎರಡನೇ ಸಲಾನೂ ಅದ ಮಾತ ಅಂದನ?”

“ಅದ ಮಾತು. ಬಿಕ್ಕಳಿಕಿ ಸೈತ ಅಷ್ಟ.”

“ನಮ್ಮಾಂವನೂ ಎರಡನೇ ಸಲಾ ಅದನ್ನ ಮಾಡಿದ್ದ” ಎಂದಳು. ಸ್ವಲ್ಪ ಹೊತ್ತು ಸೀರೆಯ ಅಂಚನ್ನು ಎಳೆದು ಎಳೆದು ನೆಟ್ಟಗೆ ಮಾಡಿದಳು. “ನಿಂದು ಚಲೋ ಆತು ಬಿಡು.”

ಗದಿಗೆಯ್ಯ ಮಾತ್ರ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಣ್ಣ ಹಚ್ಚಿಕೊಳ್ಳುವಾಗ ಕನ್ನಡಿಗೆ ಹೇಳಿದ: “ಹದಿನಾರು ವರ್ಷ ಈ ಕೈ ಹಿಡದೇನಿ. ಒಮ್ಮೆ ನನಗ ಅಂತ ಕೂಗಲಿಲ್ಲ. ಸೋಡಾಕ್ಕ ಕೂಗಿದ್ಲು.” ಅವನ ಹೆಂಡತಿ ಪೇಟಕ್ಕೆ ಪಿನ್ನು ಚುಚ್ಚುತ್ತ, “ನಾನು ನಿಮಗ ಕೂಗೇನಿ, ಅಷ್ಟು ಸಾಕು, ಅಲ್ಲಾಡಬ್ಯಾಡ್ರಿ” ಎಂದಳು.

ಭಾನುವಾರ ಕೊನೆಯ ಆಟ. ಆ ಊರಿನವರಲ್ಲಿ ಈಗ ಬಳಸದೆ ಉಳಿದಿದ್ದದ್ದು ಬಹುಶಃ ಒಂದೇ, ಅದು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಿತ್ತು. ಮರುದಿನ ಅವನು ಗಡಿಕಲ್ಲು ದಾಟಿದರೆ ಅದಕ್ಕೆ ಬೆಲೆಯಿಲ್ಲ. ಡೇರೆಯಲ್ಲಿದ್ದವರಿಗೆಲ್ಲ ಇದು ಗೊತ್ತಿತ್ತು, ಎಲ್ಲರ ಕೈಯಲ್ಲೂ ಬಜ್ಜಿ ಸಿದ್ಧವಾಗಿತ್ತು. ನಾನು ಹಾಡಿದೆ. ಹೇಗೆ ಹಾಡಿದೆ ಎಂದು ನನ್ನ ಬಾಯಿಂದ ಹೇಳಬಾರದು, ಪೇಟಿ ಮಾಸ್ತರರು ಕೊನೆಯ ಸಾಲಿಗೆ ಕೈ ಎತ್ತಿ ಸುಮ್ಮನೆ ಕೂತರು ಎಂದಷ್ಟು ಹೇಳುತ್ತೇನೆ. ಹಾಡು ಮುಗಿಯಿತು. ಇಡೀ ಡೇರೆ ತಿರುಗಿ ನೇಮಣ್ಣನನ್ನು ನೋಡಿತು. ನೇಮಣ್ಣ ಶೇಂಗಾ ಸುಲಿದ.

“ಯಾಕ ಕೂಗಲಿಲ್ಲ?” ಎಂದು ಮರುದಿನ ಲಾರಿಯ ಮೇಲೆ ಕೇಳಿದೆ. ಸೀನರಿಗಳನ್ನೆಲ್ಲ ಸುತ್ತಿ ಹೇರಿದ್ದರು. ನಾನೂ ಅವನೂ ಕಾಡಿನ ಪರದೆಯ ಸುರುಳಿಯ ಮೇಲೆ ಕೂತಿದ್ದೆವು, ಗದಿಗೆಯ್ಯ ದಂಪತಿಗಳು ಅರಮನೆಯ ಮೇಲೆ. ನೇಮಣ್ಣನ ಸೀಸೆಗಳು ಹುಲ್ಲಿನ ನಡುವೆ ಕಿಣಿಕಿಣಿ ಎನ್ನುತ್ತಿದ್ದವು. ಹೊರಡುವ ಮೊದಲು ತಂಗೆವ್ವನ ಅಂಗಳದಲ್ಲಿ ಎರಡು ಹಾರ ಬದಲಾಯಿಸಿಕೊಂಡು ಲಗ್ನ ಮುಗಿಸಿದ್ದೆವು. ಅದಕ್ಕೂ ಅವನು ಕೂಗಿರಲಿಲ್ಲ.

“ನಾಳೆ ಇನ್ನೂ ಚಲೋ ಹಾಡ್ತೀರಲ್ರೀ” ಎಂದ.

“ನಾಳೆ ಕೂಗಿದ್ರ ಏನೂ ಆಗಂಗಿಲ್ಲ. ಬರೀ ಕೂಗು.”

“ಬರೀ ಕೂಗ ಆಗಲಿ. ನೀವ ಮತ್ತ ಹಾಡ್ತೀರಲ್ಲ.”

ಅರಮನೆಯ ಮೇಲಿಂದ ಗದಿಗೆಯ್ಯ ಕೂಗಿ ಹೇಳಿದ, “ಏ ಸೋಡಾ, ಗಡಿಕಲ್ಲು ಬಂತಪಾ. ಜಲ್ದಿ ಯಾವುದಕ್ಕಾರ ಕಳದಬಿಡು. ನಾ ಬೇಕಾದ್ರ ಒಂದು ಆಲಾಪ ಮಾಡ್ತೀನಿ.” ಮುಂದಿನ ಸೀಟಿನಿಂದ ರಾಚಪ್ಪನವರೂ ತಲೆ ಹೊರಹಾಕಿ, ಹಾಳು ಮಾಡಬೇಡ ಮಾರಾಯ ಎಂದರು. ಎಲ್ಲರೂ ಒಟ್ಟಿಗೆ ಬುದ್ಧಿ ಹೇಳತೊಡಗಿದರು. ಬೇವಿನ ಸಾಲು ಮುಗಿಯಿತು, ಬಿಳಿ ಬಳಿದ ಕಲ್ಲು ಕಾಣಿಸಿತು, ಇನ್ನು ಮೂವತ್ತು ಮಾರು ಇರಬಹುದು. ನೇಮಣ್ಣ ಆರಾಮಾಗಿ ಕಾಲು ಇಳಿಬಿಟ್ಟು ಕೂತಿದ್ದ. ಇದನ್ನು ಇವನು ಹೀಗೇ ಕಿಸೆಯಲ್ಲಿಟ್ಟುಕೊಂಡು ದಾಟಿಬಿಡುತ್ತಾನೆ ಎಂದು ನನಗೆ ಅಳು ಬಂದಂತಾಗಿ ಆ ಕಡೆ ಮುಖ ತಿರುಗಿಸಿದೆ.

ಅಲ್ಲೊಂದು ತಗ್ಗು ಇತ್ತು. ಲಾರಿ ಅದರಲ್ಲಿ ಇಳಿದು ಎದ್ದಿತು. ನಾನು ಕಾಡಿನ ಮೇಲಿಂದ ಹ್ವಾಂವ್ ಎಂದು ಹಾರಿ, ರತ್ನಕೇಶಿಗೆ ಯಾವ ರೀತಿಯಲ್ಲೂ ಶೋಭಿಸದ ದನಿಯಲ್ಲಿ ಅವ್ವಾ ಎಂದು, ಅವನ ಹೆಗಲಿಗೆ ನನ್ನ ಹಣೆ ಬಡಿದುಕೊಂಡು, ಅಲ್ಲೇ ಒರಗಿದೆ. ಅವನ ಅಂಗಿಯಿಂದ ಶೇಂಗಾ ಮತ್ತು ನಿಂಬೆಹಣ್ಣಿನ ವಾಸನೆ ಬರುತ್ತಿತ್ತು.

“ವನ್ಸ್‌ಮೋರ್” ಎಂದ ನೇಮಣ್ಣ.

ಜೋರಾಗಿ ಕೂಡ ಅಲ್ಲ. ಬಸ್ಸಿನಲ್ಲಿ ಒಂದು ಟಿಕೆಟ್ ಕೇಳಿದ ಹಾಗೆ. ಲಾರಿ ಹಿಂದಕ್ಕೆ ಸರಿಯಿತು, ನನ್ನ ತಲೆ ಅವನ ಹೆಗಲಿಂದ ಎದ್ದಿತು, ಮುಖ ಮತ್ತೆ ಆ ಕಡೆ ತಿರುಗಿತು, ಮತ್ತೆ ತಗ್ಗು. ಮತ್ತೆ ಹ್ವಾಂವ್, ಮತ್ತೆ ಅವ್ವಾ. ಮೈ ತಾನೇ ಹಾರಿತು, ತಾನೇ ಬಿದ್ದಿತು. ಗಾಳಿಯಲ್ಲಿದ್ದ ಅಷ್ಟು ಹೊತ್ತು ನಾನು ಒಳಗೆ ಕೂತು ನೋಡುತ್ತಿದ್ದೆ, ಕೆಳಗೆ ಅವನು, ಅವನ ಎರಡೂ ಕಿವಿ, ಹೆಗಲನ್ನು ಮೊದಲೇ ತುಸು ಇತ್ತ ಚಾಚಿಕೊಂಡಿದ್ದದ್ದು. ಮೊದಲ ಸಲವೂ ಚಾಚಿದ್ದ ಎಂದಾಯಿತು. ನಿಜ ಹೇಳಬೇಕೆಂದರೆ ಈ ಸಲ ಬಜ್ಜಿಯೂ ನೆನಪಾಯಿತು, ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ನೆನಪಾಗಲಿ ಎಂದುಕೊಂಡೆ. ಇವನಿಗೂ ಹೊತ್ತು ಮುಳುಗುವುದರೊಳಗೆ ಕೊಡಿಸಬೇಕು ಎಂದುಕೊಂಡೆ. ಹಣೆ ಬಡಿಯಿತು.

ಡ್ರೈವರ್ ಕೆಳಗಿನಿಂದ ಬಯ್ದ, ಇರುವ ಒಂದು ತಗ್ಗಿನಲ್ಲಿ ಎರಡು ಸಲ ಇಳಿಸುತ್ತೀರಲ್ಲ, ಮುರಿದರೆ ಹೊಸ ಸ್ಪ್ರಿಂಗ್ ಪಾಟಿ ನಿಮ್ಮಪ್ಪ ತಂದುಕೊಡುತ್ತಾನಾ ಎಂದು. ಗದಿಗೆಯ್ಯ ಎರಡೂ ಸಲ ಅರಮನೆಯಿಂದ ಜಾರಿ ಸೆರೆಮನೆಯ ಮೇಲೆ ಬಿದ್ದಿದ್ದ. ಅವನ ಹೆಂಡತಿ ನಗುವುದನ್ನು ನಿಲ್ಲಿಸಲಾರದೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಗಡಿಕಲ್ಲು ಹಿಂದಕ್ಕೆ ಹೋಯಿತು. ನಮ್ಮಿಬ್ಬರ ಹತ್ತಿರ ಈಗ ಏನೂ ಉಳಿದಿರಲಿಲ್ಲ. ಇನ್ನು ಮೇಲೆ ಯಾರು ಏನು ಕೂಗಿದರೂ ನನ್ನ ಗಂಟಲಿನಿಂದಲೇ ನಾನು ಹಾಡಬೇಕು, ನುಂಗಿದ ಅಕ್ಷರವನ್ನು ಈ ಸಲ ನುಂಗದಿರಬಹುದು, ಅಥವಾ ಬೇರೊಂದನ್ನು ನುಂಗಬಹುದು. ನೇಮಣ್ಣ ಪೊಟ್ಟಣ ಬಿಚ್ಚಿ ನನಗೆ ಒಂದು ಹಿಡಿ ಸುಲಿದ ಶೇಂಗಾ ಕೊಟ್ಟ. ಕೊಡುವಾಗ ಅವನ ಹೆಗಲು ಮತ್ತೆ ತುಸು ಇತ್ತ ಬಂದಿತ್ತು.

ಮುಂದೆ ಹೊಸ ಡಾಂಬರು ರಸ್ತೆ. ಒಂದು ಸಣ್ಣ ಕಲ್ಲು ಕೂಡ ಇರಲಿಲ್ಲ, ಲಾರಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ನಾನು ಕೈಯಲ್ಲಿದ್ದ ಶೇಂಗಾ ಬಾಯಿಗೆ ಹಾಕಿಕೊಂಡು, ಎಡಕ್ಕೆ ಬಲಕ್ಕೆ ಯಾರು ನೋಡುತ್ತಿದ್ದಾರೆಂದು ನೋಡದೆ, ಅವ್ವಾ ಎಂದು ಮೂರನೆಯ ಸಲ ಆ ಹೆಗಲಿಗೆ ಬಿದ್ದೆ.